ಮಠದ ಹಾದಿಯಿಂದ ಶಾಲೆಯ ಹಾದಿಗೆ: ಬಳ್ಳಾರಿ ಸೀಮೆಯಲ್ಲಿ ಮಕ್ಕಳ ರಕ್ಷಣೆಯ ವಿಚಾರ

೧

ನಮ್ಮ ನಾಡಿನ ವಿದ್ಯಾಭ್ಯಾಸದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಶಾಲೆಯ ಒಳಗೆ ನಡೆದುದನ್ನೇ ವಿವರಿಸಿದ್ದಾರೆ. ಯಾವ ಪಠ್ಯವನ್ನು ಕಲಿಸಿದರು, ಉಪಾಧ್ಯಾಯನಿಗೆ ಎಷ್ಟು ವೇತನ ದೊರೆಯಿತು, ಎಷ್ಟು ಜನ ವಿದ್ಯಾರ್ಥಿಗಳಿದ್ದರು ಎಂಬ ಪ್ರಶ್ನೆಗಳಿಗೆ ಸರಕಾರದ ದಾಖಲೆಗಳಲ್ಲಿ ಉತ್ತರ ದೊರೆಯುವುದರಿಂದ ಇದು ಸಹಜವೇ ಆಗಿದೆ. ಆದರೆ ಮನೆಯ ಹೊಸ್ತಿಲಿಗೂ ಶಾಲೆಯ ಹೊಸ್ತಿಲಿಗೂ ನಡುವೆ ಒಂದು ಹಾದಿ ಇದೆ. ಮಗುವು ದಿನಕ್ಕೆರಡು ಬಾರಿ ಆ ಹಾದಿಯನ್ನು ತುಳಿಯಬೇಕು. ಆ ಹೊತ್ತಿನಲ್ಲಿ ಅದು ತಾಯಿತಂದೆಗಳ ಕಣ್ಣಿನಲ್ಲಿಯೂ ಇಲ್ಲ, ಗುರುವಿನ ಕಣ್ಣಿನಲ್ಲಿಯೂ ಇಲ್ಲ. ಹಾಗಾದರೆ ಆಗ ಅದರ ಹೊಣೆ ಯಾರದು? ಅದನ್ನು ಯಾರಿಂದ ಕಾಯಬೇಕು? ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಬಳ್ಳಾರಿ ಸೀಮೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬಳ್ಳಾರಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಆಂಗ್ಲೇಯರ ಆಳ್ವಿಕೆಯ ಮೊದಲ ದಶಕಗಳಲ್ಲಿ ಊರಿನ ಶಾಲೆಗಳನ್ನು ಕುರಿತು ಬರೆದ ವರದಿಗಳಲ್ಲಿ ಅತ್ಯಂತ ವಿವರವಾದವುಗಳ ಪೈಕಿ ಒಂದು ಈ ಜಿಲ್ಲೆಯದೇ ಆಗಿದೆ. ಅಲ್ಲದೆ ರೂಪನಗುಡಿ, ಕುರುಗೋಡು, ಸಿರುಗುಪ್ಪಗಳ ಸುತ್ತಣ ಎರೆಭೂಮಿಯ ಹಳ್ಳಿಗಳಲ್ಲಿ ಮಕ್ಕಳು ಓದಿಗಾಗಿ ಒಂದೂರಿನಿಂದ ಇನ್ನೊಂದೂರಿಗೆ ನಡೆಯುವುದು ಇಂದಿಗೂ ನಿಂತಿಲ್ಲ. ಆದುದರಿಂದ ಇದು ಹಳೆಯ ಕಡತಗಳಿಗೆ ಮಾತ್ರ ಸೇರಿದ ವಿಷಯವಲ್ಲ.

೨

ಬಳ್ಳಾರಿಯನ್ನೊಳಗೊಂಡ ದತ್ತಮಂಡಲವು ೧೮೦೦ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದಿತು. ಅದರ ಮೊದಲ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದನು. ೧೮೨೨ರಲ್ಲಿ ಅವನು ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ಶಾಲೆಗಳ ವಿವರವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನು ೧೮೨೩ರ ಆಗಸ್ಟಿನಲ್ಲಿ ತನ್ನ ಉತ್ತರವನ್ನು ಕಳುಹಿಸಿದನು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಪ್ರದೇಶವೂ ಸೇರಿದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು; ಅನಂತಪುರವು ಪ್ರತ್ಯೇಕ ಜಿಲ್ಲೆಯಾದುದು ೧೮೮೨ರಲ್ಲಿ.

ಕ್ಯಾಂಬೆಲನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭. ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಕನ್ನಡದ ಶಾಲೆಗಳು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದು. ಉಳಿದ ೨೩ ಬ್ರಾಹ್ಮಣರು ಶಾಸ್ತ್ರಗಳನ್ನು ಕಲಿಯುತ್ತಿದ್ದ ಪಾಠಶಾಲೆಗಳು. ಒಂದೊಂದು ಶಾಲೆಗೆ ಸರಾಸರಿ ೧೨ ಮಕ್ಕಳು. ಇವರಲ್ಲಿ ಹುಡುಗಿಯರ ಸಂಖ್ಯೆ ಇಡೀ ಜಿಲ್ಲೆಗೆ ೬೦ ಮಾತ್ರ.

ಇವು ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದ ಶಾಲೆಗಳು. ಗುಡಿಯ ಜಗಲಿಯೋ ಐಗಳ ಮನೆಯ ಪಡಸಾಲೆಯೋ ಅವುಗಳಿಗೆ ಸಾಕಾಗುತ್ತಿತ್ತು. ಹನ್ನೆರಡು ಮಕ್ಕಳ ಶಾಲೆಯೆಂದರೆ ಒಂದೆರಡು ಕೇರಿಗಳ ಶಾಲೆ. ಅದಕ್ಕೆ ಹೋಗುವ ಹಾದಿಯು ಬಹುತೇಕ ಊರೊಳಗಿನದೇ ಆಗಿದ್ದಿರಬೇಕು.

ಮಗುವಿನ ಮಠಪ್ರವೇಶವನ್ನು ಕ್ಯಾಂಬೆಲನು ವರ್ಣಿಸಿರುವ ರೀತಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಮಗುವಿಗೆ ಐದು ವರ್ಷ ತುಂಬಿದಾಗ ತಾಯಿತಂದೆಗಳು ಉಪಾಧ್ಯಾಯನನ್ನೂ ಅವನ ಎಲ್ಲ ವಿದ್ಯಾರ್ಥಿಗಳನ್ನೂ ಮನೆಗೆ ಕರೆಯುತ್ತಿದ್ದರು. ಎಲ್ಲರೂ ಗಣೇಶನ ವಿಗ್ರಹದ ಸುತ್ತ ಕುಳಿತುಕೊಳ್ಳುತ್ತಿದ್ದರು. ಉಪಾಧ್ಯಾಯನು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಯಿಸುತ್ತಿದ್ದನು. ಮಗುವು ಮಠಕ್ಕೆ ಹೊರಡುತ್ತಿದ್ದುದು ಮರುದಿನ ಬೆಳಗ್ಗೆ. ಇದನ್ನು ನಾವು ಸಾಮಾನ್ಯವಾಗಿ ಧಾರ್ಮಿಕ ವಿಧಿಯೆಂದು ಮಾತ್ರ ನೋಡುತ್ತೇವೆ. ಆದರೆ ಇದರಲ್ಲಿ ಒಂದು ಲೌಕಿಕ ಪ್ರಯೋಜನವೂ ಅಡಗಿದೆ. ಮಗುವು ಮನೆಯಿಂದ ಹೊರಗೆ ಕಾಲಿಡುವ ಮೊದಲೇ ಮಠದ ಗುರುವೂ ಹಿರಿಯ ಹುಡುಗರೂ ಅದರ ಮನೆಯನ್ನೂ ಹೆತ್ತವರನ್ನೂ ಕಂಡಿರುತ್ತಿದ್ದರು. ಮಗುವೂ ಅವರೆಲ್ಲರನ್ನು ಕಂಡಿರುತ್ತಿತ್ತು. ಹಾದಿಯಲ್ಲಿ ಎದುರಾಗುವವರು ಅದಕ್ಕೆ ಹೊಸಬರಾಗಿರುತ್ತಿರಲಿಲ್ಲ.

ಮಠವು ಬೆಳಗ್ಗೆ ಆರು ಗಂಟೆಗೆ ಆರಂಭವಾಗುತ್ತಿತ್ತೆಂದು ವರದಿ ಹೇಳುತ್ತದೆ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಮೇಲೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಸಣ್ಣ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆ ಬಂದಂತೆ ಒಂದೊಂದು ಏಟು ಹೆಚ್ಚು. ಈ ನಿಯಮದ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಐದಾರು ವರ್ಷದ ಮಕ್ಕಳು ಸರಸ್ವತಿಯ ಆಸೆಗೋ ಏಟಿನ ಭಯಕ್ಕೋ ನಸುಕಿನಲ್ಲಿ ಒಬ್ಬೊಬ್ಬರಾಗಿ ಮನೆಯಿಂದ ಓಡುತ್ತಿದ್ದಿರಬೇಕು. ಹಿಂಡಾಗಿ ಬರುವುದಕ್ಕೆ ಇಲ್ಲಿ ಬಹುಮಾನವಿಲ್ಲ. ಇಂದಿನ ಯಾವ ತಾಯಿಯೂ ಒಪ್ಪದ ಈ ಪದ್ಧತಿಯನ್ನು ಅಂದಿನ ತಾಯಂದಿರು ಒಪ್ಪಿದ್ದರು. ಹಾದಿಯ ಅಪಾಯವನ್ನು ಕುರಿತು ಕ್ಯಾಂಬೆಲನು ಏನನ್ನೂ ಹೇಳುವುದಿಲ್ಲ. ದಾಖಲೆಯ ಮೌನವನ್ನೇ ಸಾಕ್ಷಿಯೆಂದು ಹಿಡಿಯುವುದು ಸಾಧುವಲ್ಲವಾದರೂ, ಹಾದಿ ಗಿಡ್ಡವಾಗಿತ್ತು ಮತ್ತು ಅದರ ಎರಡೂ ಬದಿಯಲ್ಲಿ ಎಚ್ಚರವಾದ ಮನೆಗಳಿದ್ದವು ಎಂಬುದನ್ನು ಬಿಟ್ಟರೆ ಈ ಪದ್ಧತಿಗೆ ಬೇರೆ ವಿವರಣೆ ತೋರುವುದಿಲ್ಲ.

ಆದರೆ ಈ ಚಿತ್ರವನ್ನು ಸುವರ್ಣಯುಗವೆಂದು ಭಾವಿಸಕೂಡದು. ಅದೇ ಮಠಗಳಲ್ಲಿ ಹುಡುಗರನ್ನು ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇದ್ದಿತೆಂದು ಕ್ಯಾಂಬೆಲನೇ ಬರೆದಿದ್ದಾನೆ. ಹಾದಿಯಲ್ಲಿ ಸಿಗದ ಪೆಟ್ಟು ಮಠದೊಳಗೆ ಸಿಗುತ್ತಿತ್ತು. ಇನ್ನೊಂದು ಮಾತನ್ನೂ ಅವನು ಹೇಳುತ್ತಾನೆ: ಜನರ ಬಡತನ ಹೆಚ್ಚಿದುದರಿಂದ ಹಿಂದೆ ಶಾಲೆಯಿದ್ದ ಅನೇಕ ಹಳ್ಳಿಗಳಲ್ಲಿ ಆಗ ಶಾಲೆಯೇ ಇರಲಿಲ್ಲ. ಒಂದು ಊರಿನ ಶಾಲೆ ಮುಚ್ಚಿದರೆ ಆ ಊರಿನ ಮಕ್ಕಳಿಗೆ ಎರಡೇ ದಾರಿ. ಒಂದೋ ಪಕ್ಕದ ಊರಿಗೆ ನಡೆಯಬೇಕು, ಇಲ್ಲವೇ ಮನೆಯಲ್ಲಿ ಉಳಿಯಬೇಕು. ಶಾಲೆಯ ಹಾದಿ ಉದ್ದವಾದ ಕಥೆ ಇಲ್ಲಿಂದ ಆರಂಭವಾಗುತ್ತದೆ.

೩

ಊರಿನಿಂದ ಊರಿಗೆ ಹೋಗುವ ಹಾದಿಯನ್ನು ಕಾಯುತ್ತಿದ್ದವರು ಯಾರು? ಇಂಗ್ಲೆಂಡಿನ ಪಾರ್ಲಿಮೆಂಟಿಗೆ ೧೮೧೨ರಲ್ಲಿ ಒಪ್ಪಿಸಿದ ಪ್ರಸಿದ್ಧವಾದ ಐದನೆಯ ವರದಿಯಲ್ಲಿ ದಕ್ಷಿಣದ ಹಳ್ಳಿಯ ಆಯಗಾರರ ಪಟ್ಟಿಯಿದೆ. ಅದರಲ್ಲಿ ತಳವಾರನ ಕರ್ತವ್ಯಗಳೆಂದು ಎರಡನ್ನು ಹೇಳಿದೆ: ಅಪರಾಧಗಳ ಸುದ್ದಿಯನ್ನು ಸಂಗ್ರಹಿಸುವುದು, ಮತ್ತು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಪ್ರಯಾಣ ಮಾಡುವವರ ಜೊತೆಗೆ ಹೋಗಿ ಅವರನ್ನು ರಕ್ಷಿಸುವುದು. ಬೆಳೆಯನ್ನೂ ಊರೊಳಗಿನದನ್ನೂ ಕಾಯುವ ಕೆಲಸ ತೋಟಿಯದು. ಎಂದರೆ ದಾರಿಗೆ ಜೊತೆಯಾಗುವುದು ಅಂದು ಒಂದು ಉಪಕಾರವಾಗಿರಲಿಲ್ಲ. ಊರು ಧಾನ್ಯವನ್ನೂ ಮಾನ್ಯಭೂಮಿಯನ್ನೂ ಕೊಟ್ಟು ನಡೆಸುತ್ತಿದ್ದ ಒಂದು ವೃತ್ತಿಯಾಗಿತ್ತು. ಊರಿಗೆ ಹೊಸಬರು ಬಂದರೆ ಮೊದಲು ತಿಳಿಯುತ್ತಿದ್ದುದೂ ಅವನಿಗೇ.

೧೮೫೯ರ ಮದರಾಸು ಪೊಲೀಸು ಕಾಯಿದೆಯ ತರುವಾಯ ಅಪರಾಧ ತಡೆಯುವ ಕಾರ್ಯವು ಸರಕಾರದ ಸಂಬಳದ ಪೊಲೀಸರ ಕೈಗೆ ಸೇರಿತು. ಪೊಲೀಸು ಠಾಣೆಯು ಹಲವು ಹಳ್ಳಿಗಳಿಗೆ ಒಂದು. ತಳವಾರನಾದರೋ ಆಯಾ ಊರಿನವನು. ಅವನು ಕಂದಾಯದ ಚಾಕರಿಯಲ್ಲಿ ಮುಂದುವರಿದರೂ ಹಾದಿಯ ಜೊತೆಗಾರನಾಗಿ ಅವನಿಗಿದ್ದ ಸ್ಥಾನ ಕ್ರಮೇಣ ಮರೆಯಾಯಿತು. ಊರಿನ ಕಾವಲಿಗಿದ್ದ ಪರಸ್ಪರ ಪರಿಚಯ ಕಾಯಿದೆಯ ಕಾವಲಿಗೆ ದೊರೆಯಲಿಲ್ಲ. ಹಾಗೆಂದು ಹಳೆಯ ಕಾವಲು ಎಲ್ಲರನ್ನೂ ಸಮನಾಗಿ ಕಾಯುತ್ತಿತ್ತೆಂದು ಹೇಳುವಂತಿಲ್ಲ. ಊರ ಹೊರಗಣ ಕೇರಿಯ ಮಗುವಿಗೆ ಮಠದ ಜಗಲಿಯೂ ಇರಲಿಲ್ಲ, ಅದರ ಹಾದಿಯೂ ಇರಲಿಲ್ಲ.

೪

ಮಕ್ಕಳ ಅಪಹರಣವು ಈ ದೇಶದಲ್ಲಿ ಕೇವಲ ಕಲ್ಪನೆಯ ಭಯವಾಗಿರಲಿಲ್ಲ. ಮಕ್ಕಳನ್ನು ಕದ್ದು ಗುಲಾಮರನ್ನಾಗಿ ಮಾರುವುದರ ವಿರುದ್ಧ ಬಂಗಾಳದಲ್ಲಿ ವಾರನ್ ಹೇಸ್ಟಿಂಗ್ಸನ ಸರಕಾರವು ೧೭೭೪ರಲ್ಲಿಯೇ ಆಜ್ಞೆ ಹೊರಡಿಸಬೇಕಾಯಿತು. ೧೮೩೯ರಲ್ಲಿ ಸ್ಲೀಮನನು ಪ್ರಕಟಿಸಿದ ವರದಿಯೊಂದು ದೆಹಲಿ, ಅಲವರ, ಭರತಪುರಗಳ ಕಡೆಯ ಮೇಗಪುನ್ನಾ ಠಕ್ಕರನ್ನು ಕುರಿತದ್ದು. ಇವರು ದಾರಿಯಲ್ಲಿ ಹೋಗುವ ಬಡ ತಾಯಿತಂದೆಗಳೊಡನೆ ಸ್ನೇಹ ಬೆಳೆಸಿ, ನಿರ್ಜನ ಪ್ರದೇಶದಲ್ಲಿ ಅವರನ್ನು ಕೊಂದು, ಮಕ್ಕಳನ್ನು ಮಾರುತ್ತಿದ್ದರು. ಗುಲಾಮಗಿರಿಗೆ ಕಾಯಿದೆಯ ಮಾನ್ಯತೆಯನ್ನು ತೆಗೆದುಹಾಕಿದ ೧೮೪೩ರ ಐದನೆಯ ಕಾಯಿದೆಯು ಈ ವ್ಯಾಪಾರದ ಬುಡಕ್ಕೆ ಪೆಟ್ಟು ಕೊಟ್ಟಿತು.

ಬಳ್ಳಾರಿ ಸೀಮೆಯಲ್ಲಿ ಮಕ್ಕಳಿಗೆ ಒದಗಿದ ದೊಡ್ಡ ವಿಪತ್ತು ೧೮೭೬–೭೮ರ ಬರಗಾಲ. ಮದರಾಸು ಪ್ರಾಂತದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಇದೂ ಒಂದು. ಅನ್ನವನ್ನು ಅರಸಿ ಜನರು ದಾರಿ ಹಿಡಿದಾಗ ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳು ಯಾರ ಕೈಗೆ ಸಿಕ್ಕರೆ ಅವರ ಮಕ್ಕಳಾದರು. ಹಸಿವು ಇರುವಲ್ಲಿ ಮಗುವನ್ನು ಕದಿಯಲು ಬಲಾತ್ಕಾರ ಬೇಕಿಲ್ಲವೆಂಬುದು ಬರಗಾಲಗಳ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ.

೧೮೬೦ರ ಭಾರತೀಯ ದಂಡಸಂಹಿತೆಯನ್ನು ಈ ದೃಷ್ಟಿಯಿಂದ ಓದಿದರೆ ಅದರ ಕೆಲವು ವಿಧಿಗಳು ಆ ಕಾಲದ ಹಾದಿಯನ್ನೇ ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಅದರ ೩೬೯ನೆಯ ವಿಧಿಯು ಹತ್ತು ವರ್ಷದೊಳಗಿನ ಮಗುವಿನ ಮೈಮೇಲಿರುವ ವಸ್ತುವನ್ನು ಅಪಹರಿಸುವ ಉದ್ದೇಶದಿಂದ ಮಗುವನ್ನೇ ಕದ್ದೊಯ್ಯುವುದಕ್ಕೆ ಸಂಬಂಧಿಸಿದ್ದು. ಶಿಕ್ಷೆ ಏಳು ವರ್ಷಗಳವರೆಗಿನ ಸೆರೆವಾಸ. ಬೆಳ್ಳಿಯ ಉಡಿದಾರ, ಕಡಗ, ಕಾಲ್ಗಡಗಗಳನ್ನು ತೊಡಿಸಿ ಮಕ್ಕಳನ್ನು ಹೊರಗೆ ಬಿಡುತ್ತಿದ್ದ ನಾಡಿನಲ್ಲಿ ಇಂಥ ವಿಧಿ ಏಕೆ ಬೇಕಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ಪ್ರೀತಿಯ ಗುರುತೇ ಕಳ್ಳನಿಗೆ ಆಮಿಷವಾಗುತ್ತಿತ್ತು.

ಅದಕ್ಕಿಂತಲೂ ಮುಖ್ಯವಾದುದು ೩೬೧ನೆಯ ವಿಧಿ. ಮಗುವನ್ನು ನ್ಯಾಯವಾದ ಪೋಷಕರ ವಶದಿಂದ ಒಯ್ಯುವುದು ಮಾತ್ರವಲ್ಲ, ಪುಸಲಾಯಿಸಿ ಕರೆದೊಯ್ಯುವುದೂ ಅಪರಾಧವೆಂದು ಅದು ಸಾರಿತು. ಮಗುವು ತಾನೇ ಒಪ್ಪಿ ಬಂದಿತೆಂಬ ಸಬೂಬು ನಡೆಯದು, ಒಪ್ಪಬೇಕಾದವರು ಪೋಷಕರು. ಮೊದಲು ಈ ರಕ್ಷಣೆಯು ಹುಡುಗರಿಗೆ ೧೪ ವರ್ಷದವರೆಗೆ, ಹುಡುಗಿಯರಿಗೆ ೧೬ ವರ್ಷದವರೆಗೆ ಇತ್ತು. ೧೯೪೯ರ ತಿದ್ದುಪಡಿಯಿಂದ ಅದು ಕ್ರಮವಾಗಿ ೧೬ ಮತ್ತು ೧೮ ಆಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹುಡುಗ ಹುಡುಗಿಯರೆಂಬ ಭೇದವಿಲ್ಲದೆ ೧೮ ವರ್ಷದೊಳಗಿನ ಎಲ್ಲರಿಗೂ ಈ ರಕ್ಷಣೆ ಇದೆ. ಭಿಕ್ಷೆ ಬೇಡಿಸುವುದಕ್ಕಾಗಿ ಮಕ್ಕಳನ್ನು ಕದಿಯುವ ಮತ್ತು ಅಂಗಹೀನರನ್ನಾಗಿ ಮಾಡುವ ಕ್ರೌರ್ಯಕ್ಕೆ ೧೯೫೯ರಲ್ಲಿ ಪ್ರತ್ಯೇಕ ವಿಧಿ ಸೇರಿತು. ಕಾಣೆಯಾದ ಮಗುವನ್ನು ಕುರಿತ ಪ್ರತಿಯೊಂದು ದೂರನ್ನೂ ಪೊಲೀಸರು ಮೊಕದ್ದಮೆಯಾಗಿ ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರ ಮೇ ೧೦ರಂದು, ಬಚಪನ್ ಬಚಾವೋ ಆಂದೋಲನವು ಹೂಡಿದ ಮೊಕದ್ದಮೆಯಲ್ಲಿ, ಆಜ್ಞೆ ಮಾಡಿತು. ಮಗು ಎಲ್ಲಿಯೋ ಆಡಲು ಹೋಗಿದೆ, ನಾಳೆ ಬರುತ್ತದೆ ಎಂದು ಬಡ ತಾಯಿತಂದೆಗಳನ್ನು ಹಿಂದಕ್ಕೆ ಕಳುಹಿಸುವ ಪದ್ಧತಿಗೆ ಈ ಆಜ್ಞೆಯು ಅಡ್ಡ ನಿಂತಿತು.

೫

ಇಲ್ಲಿಯವರೆಗೆ ಅಪಾಯದ ಇತಿಹಾಸವನ್ನು ನೋಡಿದೆವು. ಭಯಕ್ಕೂ ಪ್ರತ್ಯೇಕವಾದ ಒಂದು ಇತಿಹಾಸವಿದೆ. ಎರಡೂ ಒಂದೇ ಅಲ್ಲ.

ಮಕ್ಕಳನ್ನು ಹೆದರಿಸಿ ಅಂಕೆಯಲ್ಲಿಡುವುದು ಹಳೆಯ ಪದ್ಧತಿ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಗುಮ್ಮನಿಗೆ ಮುಖವಿಲ್ಲ, ಅವನಿಂದ ಯಾರಿಗೂ ಕೇಡಿಲ್ಲ. ಆದರೆ ಹಳ್ಳಿಗಳಲ್ಲಿ ಆ ಗುಮ್ಮನಿಗೆ ಮುಖವನ್ನು ಅಂಟಿಸುವ ಅಭ್ಯಾಸವೂ ಬೆಳೆಯಿತು. ಅತ್ತರೆ ಜೋಗಿ ಹಿಡಿದುಕೊಂಡು ಹೋಗುತ್ತಾನೆ, ಬುಡಬುಡಿಕೆಯವನು ಜೋಳಿಗೆಗೆ ಹಾಕಿಕೊಳ್ಳುತ್ತಾನೆ ಎಂಬ ಮಾತು ನಮ್ಮಲ್ಲಿ ಕೇಳದ ಮನೆಯಿಲ್ಲ. ಊರಿಂದೂರಿಗೆ ತಿರುಗಿ ಬದುಕುವ ಬಡವನೇ ಮಗುವಿನ ಮನಸ್ಸಿನಲ್ಲಿ ಕಳ್ಳನಾಗಿ ನಿಂತನು.

ಆಂಗ್ಲೇಯ ಸರಕಾರವು ಈ ಸಂಶಯಕ್ಕೆ ಕಾಯಿದೆಯ ಮುದ್ರೆಯನ್ನೊತ್ತಿತು. ೧೮೭೧ರಲ್ಲಿ ಉತ್ತರ ಭಾರತದಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ೧೯೧೧ರಲ್ಲಿ ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಕೊರವರೇ ಮೊದಲಾದ ಅಲೆಮಾರಿ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿದವು. ಸ್ವತಂತ್ರ ಭಾರತವು ೧೯೫೨ರಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿತು. ಕಾಯಿದೆಯನ್ನು ರದ್ದುಪಡಿಸಬಹುದು, ಅದು ಬಿತ್ತಿದ ಸಂಶಯವು ಅಷ್ಟು ಬೇಗ ರದ್ದಾಗುವುದಿಲ್ಲ.

೨೦೧೮ರ ಘಟನೆಗಳು ಇದಕ್ಕೆ ಸಾಕ್ಷಿ. ಆ ವರ್ಷ ದೇಶದ ಅನೇಕ ಭಾಗಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನ ಮೂಲಕ ಹಬ್ಬಿತು. ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಅರಸಿ ಬಂದಿದ್ದ ೨೬ ವರ್ಷದ ಯುವಕನನ್ನು ಜನರು ಹೊಡೆದು ಕೊಂದರು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಅಲೆಮಾರಿ ಗೋಸಾವಿ ಸಮುದಾಯದ ಐವರು ಹತರಾದರು. ಜುಲೈ ೧೩ರಂದು ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿತು. ಇವರು ಮಕ್ಕಳ ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರಾದ ಮುರ್ಕಿಯನ್ನು ತಲಪಿತು. ಅಲ್ಲಿ ದಾರಿಯನ್ನು ಅಡ್ಡಗಟ್ಟಿ ಅವರನ್ನು ಹೊಡೆದರು. ೩೨ ವರ್ಷದ ಇಂಜಿನಿಯರನೊಬ್ಬನು ಪ್ರಾಣ ಬಿಟ್ಟನು. ಉಳಿದವರನ್ನು ಕಾಪಾಡಲು ಹೋದ ಪೊಲೀಸರಿಗೂ ಗಾಯಗಳಾದವು. ನಾಲ್ಕು ದಿನಗಳ ತರುವಾಯ, ಜುಲೈ ೧೭ರಂದು, ಗುಂಪುಹತ್ಯೆಗಳನ್ನು ತಡೆಯುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ಸರಕಾರಗಳಿಗೆ ವಿವರವಾದ ಸೂಚನೆಗಳನ್ನು ಕೊಟ್ಟಿತು.

ಆಗ ಹರಿದಾಡಿದ ಚಲಚ್ಚಿತ್ರಗಳಲ್ಲಿ ಒಂದರ ಮೂಲವು ಗಮನಾರ್ಹವಾಗಿದೆ. ಮೋಟಾರು ಸೈಕಲಿನಲ್ಲಿ ಬಂದವರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಆ ದೃಶ್ಯವು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಪ್ರಚಾರಕ್ಕಾಗಿಯೇ ತಯಾರಾದದ್ದು. ಮೂಲಚಿತ್ರದ ಕೊನೆಯಲ್ಲಿ ಅವರು ಮಗುವನ್ನು ಹಿಂದಕ್ಕೆ ಕೊಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿ ಉಳಿದುದನ್ನು ಹಂಚಿದರು. ಮಕ್ಕಳನ್ನು ಉಳಿಸಲು ಹುಟ್ಟಿದ ಚಿತ್ರವು ಹೀಗೆ ನಿರಪರಾಧಿಗಳನ್ನು ಕೊಲ್ಲಲು ನೆರವಾಯಿತು. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ನೀತಿಯಿದೆ: ಮೂಲವನ್ನು ಪರಿಶೀಲಿಸದೆ, ಪೂರ್ಣಪಾಠವನ್ನು ನೋಡದೆ ತೀರ್ಮಾನಕ್ಕೆ ಬರುವುದು ಗ್ರಂಥಗಳ ವಿಷಯದಲ್ಲಿ ದೋಷ, ಜೀವಗಳ ವಿಷಯದಲ್ಲಿ ಅಪರಾಧ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಭಯವಲ್ಲ. ೧೯೭೯ರ ಮೇ ೨೫ರಂದು ನ್ಯೂಯಾರ್ಕಿನಲ್ಲಿ ಆರು ವರ್ಷದ ಬಾಲಕನೊಬ್ಬನು ಮೊದಲ ಬಾರಿಗೆ ಒಂಟಿಯಾಗಿ ಶಾಲೆಯ ಬಸ್ಸಿನ ನಿಲುಗಡೆಗೆ ನಡೆದುಹೋಗುವಾಗ ಕಾಣೆಯಾದನು. ಕಾಣೆಯಾದ ಮಕ್ಕಳ ಚಿತ್ರಗಳನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚುಹಾಕುವ ಪದ್ಧತಿ ಆ ಬಳಿಕ ಆ ದೇಶದಲ್ಲಿ ಹರಡಿತು. ಒಂದು ಪೀಳಿಗೆಯ ತಾಯಿತಂದೆಗಳು ಮಕ್ಕಳನ್ನು ನಡೆದು ಹೋಗಲು ಬಿಡಲು ಹೆದರಿದರು. ಆದರೆ ೧೯೯೯ನೆಯ ವರ್ಷವನ್ನು ಕುರಿತು ಅಲ್ಲಿನ ಸರಕಾರ ಮಾಡಿಸಿದ ಅಧ್ಯಯನದ ಅಂದಾಜಿನಂತೆ, ಜನರು ಭಯಪಡುವ ಬಗೆಯ, ಎಂದರೆ ಅಪರಿಚಿತರಿಂದಲೋ ಅಲ್ಪಪರಿಚಿತರಿಂದಲೋ ನಡೆದ ಘೋರ ಅಪಹರಣಗಳು ಇಡೀ ದೇಶದಲ್ಲಿ ಸುಮಾರು ೧೧೫. ಅದರಲ್ಲಿ ಒಂದೊಂದೂ ಒಂದು ಮನೆಯ ಸರ್ವನಾಶವೆಂಬುದು ನಿಜ. ಆದರೂ ಭಯದ ಅಳತೆಗೂ ಅಪಾಯದ ಅಳತೆಗೂ ಎಷ್ಟು ಅಂತರವಿದ್ದೀತೆಂಬುದನ್ನು ಈ ಸಂಖ್ಯೆ ತೋರಿಸುತ್ತದೆ.

೬

ಹಾಗಾದರೆ ಮಗುವಿಗೆ ಕೇಡು ಬಗೆಯುವವರು ಯಾರು? ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ಅದಕ್ಕಾಗಿ ವಿಚಾರಿಸಿದರು. ಕರ್ನಾಟಕವು ಅವುಗಳಲ್ಲಿ ಇರಲಿಲ್ಲ; ನೆರೆಯ ಆಂಧ್ರಪ್ರದೇಶ, ಮಹಾರಾಷ್ಟ್ರ, ಕೇರಳ, ಗೋವಾಗಳಿದ್ದವು. ಅರ್ಧಕ್ಕಿಂತ ಹೆಚ್ಚು ಮಕ್ಕಳು, ಶೇಕಡ ೫೩ರಷ್ಟು, ಯಾವುದಾದರೊಂದು ಬಗೆಯ ಲೈಂಗಿಕ ದುರ್ವರ್ತನೆಗೆ ಗುರಿಯಾಗಿದ್ದುದಾಗಿ ತಿಳಿಸಿದರು. ದುರ್ವರ್ತಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ನಂಬಿಕೆಗೆ ಪಾತ್ರರಾದವರು. ಪೊಲೀಸು ಠಾಣೆಯನ್ನು ತಲಪುವ ಪ್ರಕರಣಗಳಲ್ಲಂತೂ ಈ ಪ್ರಮಾಣ ಇನ್ನೂ ಹೆಚ್ಚು. ಮಕ್ಕಳ ಮೇಲಿನ ಅತ್ಯಾಚಾರದ ಮೊಕದ್ದಮೆಗಳಲ್ಲಿ ಶೇಕಡ ೯೦ಕ್ಕೂ ಮಿಕ್ಕಿ ಆರೋಪಿಗಳು ಮಗುವಿಗೆ ಗೊತ್ತಿದ್ದವರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಗಳು ತಿಳಿಸುತ್ತವೆ.

ಈ ತಿಳುವಳಿಕೆಯು ೨೦೧೨ರ ಪೋಕ್ಸೋ ಕಾಯಿದೆಯಲ್ಲಿ ಕಾಣುತ್ತದೆ. ಅಪರಾಧಿಯು ಪೊಲೀಸನೋ, ಉಪಾಧ್ಯಾಯನೋ, ಶಾಲೆಯ ಸಿಬ್ಬಂದಿಯವನೋ, ಬಂಧುವೋ ಆಗಿದ್ದರೆ ಅಪರಾಧವು ಹೆಚ್ಚು ಘೋರವೆಂದು ಆ ಕಾಯಿದೆ ಎಣಿಸುತ್ತದೆ. ಅಪರಾಧ ನಡೆದುದು ತಿಳಿದೂ ವರದಿ ಮಾಡದವರಿಗೆ ಶಿಕ್ಷೆಯನ್ನು ವಿಧಿಸುತ್ತದೆ. ೧೮೬೦ರ ಶಾಸನಕಾರನ ಕಣ್ಣು ದಾರಿಯಲ್ಲಿ ಕಡಗವನ್ನು ಕಸಿಯುವ ಕಳ್ಳನ ಮೇಲಿತ್ತು. ೨೦೧೨ರವನ ಕಣ್ಣು ಮನೆಗೆ ಬಂದುಹೋಗುವವನ ಮೇಲೂ ಬಿತ್ತು. ಒಂದೂವರೆ ಶತಮಾನದ ಈ ಬದಲಾವಣೆಯೇ ಪ್ರಕೃತ ವಿಷಯದ ತಿರುಳು.

ಇದರಿಂದ ಉಪಾಧ್ಯಾಯರು ಗ್ರಹಿಸಬೇಕಾದುದೇನು? ಅಪರಿಚಿತರೊಡನೆ ಮಾತನಾಡಬೇಡ ಎಂದು ಮಗುವಿಗೆ ಹೇಳುವುದು ಸುಲಭ, ಅದು ಅರ್ಧಸತ್ಯ. ದಾರಿಯಲ್ಲಿ ಬೈಕು ನಿಲ್ಲಿಸಿ, ನಿಮ್ಮಪ್ಪ ಕರೆಯುತ್ತಿದ್ದಾನೆ ಬಾ ಎನ್ನುವವನು ಅಪ್ಪನ ಹೆಸರನ್ನು ಬಲ್ಲವನೇ ಆಗಿರುವ ಸಂಭವವಿದೆ. ಆದುದರಿಂದ ಮಗುವಿಗೆ ಕಲಿಸಬೇಕಾದುದು ಮುಖದ ಪರಿಚಯವನ್ನಲ್ಲ, ನಡತೆಯ ಪರೀಕ್ಷೆಯನ್ನು. ಮನೆಯವರಿಗೆ ಹೇಳದೆ ಬಾ ಎನ್ನುವವನು, ಗುಟ್ಟಾಗಿಡು ಎನ್ನುವವನು, ಮೈ ಮುಟ್ಟುವವನು, ಕಾರಣವಿಲ್ಲದೆ ಕಾಣಿಕೆ ಕೊಡುವವನು—ಇವನು ಊರವನಾಗಲಿ, ಪರವೂರವನಾಗಲಿ, ಸಂಬಂಧಿಕನಾಗಲಿ—ಅವನಿಂದ ದೂರ ಸರಿಯಬೇಕು ಮತ್ತು ನಂಬಿದ ಹಿರಿಯರಿಗೆ ಕೂಡಲೇ ಹೇಳಬೇಕು. ಹೇಳಿದ ಮಗುವನ್ನು ಗದರಿಸದೆ ಕೇಳಿಸಿಕೊಳ್ಳುವ ಹಿರಿಯರೂ ಬೇಕು. ಗುಮ್ಮನ ಭಯದಲ್ಲಿ ಬೆಳೆದ ಮಗುವು ಅಂಜಿ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗುವೇ ದುಷ್ಟನಿಗೆ ಬೇಕಾದುದು.

೭

ಇನ್ನುಳಿದುದು ಹಾದಿಯ ದೂರದ ಪ್ರಶ್ನೆ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಆ ರಾಜ್ಯದ ೧೯೬೧ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯು, ಗೊತ್ತುಪಡಿಸಿದ ದೂರದೊಳಗೆ ಶಾಲೆಯಿಲ್ಲದಿದ್ದರೆ ಮಗುವನ್ನು ಕಳುಹಿಸದಿರುವುದಕ್ಕೆ ಅದು ನ್ಯಾಯವಾದ ಕಾರಣವೆಂದು ಒಪ್ಪಿತು. ಎಂದರೆ ದೂರವು ಪೋಷಕರಿಗೆ ಒಂದು ವಿನಾಯಿತಿ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ಈ ದೃಷ್ಟಿಯನ್ನು ತಿರುಗಿಸಿತು. ಅದರನ್ವಯ ೨೦೧೦ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮಗಳಂತೆ ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರು, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರು ನಡಿಗೆಯೊಳಗೆ ಶಾಲೆ ಇರಬೇಕು. ಪ್ರವಾಹ, ರಸ್ತೆಯ ಅಭಾವ ಮುಂತಾದುವುಗಳಿಂದ ಹಾದಿಯು ಎಳೆಯ ಮಕ್ಕಳಿಗೆ ಅಪಾಯಕರವಾಗಿದ್ದರೆ ಆ ಮಿತಿಯನ್ನು ಇನ್ನೂ ತಗ್ಗಿಸಿ ಶಾಲೆಯ ಸ್ಥಳವನ್ನು ಆರಿಸಬೇಕು. ಮನೆಯಿಂದ ಶಾಲೆಯವರೆಗಿನ ಹಾದಿಯ ಹೊಣೆಯನ್ನು ಸರಕಾರವೇ ಹೊತ್ತ ಈ ನಿಯಮವು, ತಳವಾರನ ಹಳೆಯ ವೃತ್ತಿಯು ಹೊಸ ರೂಪದಲ್ಲಿ ಮರಳಿ ಬಂದಂತಿದೆ.

ಆದರೆ ಈ ಮಿತಿಗಳು ಎಂಟನೆಯ ತರಗತಿಗೆ ನಿಲ್ಲುತ್ತವೆ. ಪ್ರೌಢಶಾಲೆಗಾಗಿ ದೂರ ನಡೆಯುವ ಪ್ರಸಂಗ ಬರುವುದು ಅಲ್ಲಿಂದಾಚೆಗೆ. ಹುಡುಗಿಯರ ಬಗ್ಗೆ ಮನೆಯವರ ಆತಂಕ ಹೆಚ್ಚುವುದೂ ಆ ವಯಸ್ಸಿನಲ್ಲಿಯೇ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗಂಟುವ ಹೊಲದ ಹಾದಿ, ಹತ್ತಿಯ ಗಿಡಗಳ ನಡುವಣ ನಿರ್ಜನತೆ, ತಾಯಿತಂದೆಗಳು ಗುಳೆ ಹೋದಾಗ ಅಜ್ಜಿಯೊಬ್ಬಳ ಆಸರೆ—ಇವೆಲ್ಲ ಸೇರಿ ಓದನ್ನು ಬಿಡಿಸುವುದಕ್ಕೆ ಒಂದು ಕೆಟ್ಟ ಸುದ್ದಿಯೂ ಬೇಕಾಗುವುದಿಲ್ಲ, 'ಕಾಲ ಸರಿಯಿಲ್ಲ' ಎಂಬ ಒಂದು ಮಾತು ಸಾಕು. ಎಲ್ಲಿಯೋ ಒಂದು ಮಗು ಕಾಣೆಯಾದರೆ ಇಲ್ಲಿ ಹತ್ತು ಹುಡುಗಿಯರ ಪಾಟೀಚೀಲ ಗೂಟಕ್ಕೇರುತ್ತದೆ. ಕ್ಯಾಂಬೆಲನ ಕಾಲದ ೬೦ ಹುಡುಗಿಯರ ಸಂಖ್ಯೆಗೆ ಅಂದಿನ ಸಂಪ್ರದಾಯಗಳು ಕಾರಣವಾಗಿದ್ದವು. ಇಂದು ಸಂಪ್ರದಾಯ ಸಡಿಲಿಸಿದ ಮೇಲೂ ಹಾದಿಯ ಭಯವು ಅದರ ಕೆಲಸವನ್ನು ಮುಂದುವರಿಸಬಾರದು.

ಈ ನಿಟ್ಟಿನಲ್ಲಿ ಕರ್ನಾಟಕದಲ್ಲಿ ೨೦೦೬–೦೭ರಲ್ಲಿ ಆರಂಭವಾದ, ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಸ್ಮರಣೀಯ. ಅದೇ ಕಾಲದಲ್ಲಿ ಬಿಹಾರದಲ್ಲಿ ನಡೆದ ಇಂಥದೇ ಯೋಜನೆಯನ್ನು ಕಾರ್ತಿಕ ಮುರಳೀಧರನ್ ಮತ್ತು ನಿಶೀಥ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಅದರಿಂದ ಶೇಕಡ ೩೨ರಷ್ಟು ಏರಿತೆಂದೂ, ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿಯೇ ಈ ಫಲ ಹೆಚ್ಚಾಗಿ ಕಂಡಿತೆಂದೂ ಅವರು ತೋರಿಸಿದ್ದಾರೆ. ಹುಡುಗಿಯರನ್ನು ಮನೆಯಲ್ಲಿ ಹಿಡಿದಿಟ್ಟಿದ್ದುದು ಓದಿನ ಮೇಲಣ ನಿರಾಸಕ್ತಿಯಲ್ಲ, ಹಾದಿಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ದುರ್ಲಭ.

ಜಪಾನಿನಲ್ಲಿ ಚಿಕ್ಕ ಮಕ್ಕಳು ಗೊತ್ತಾದ ಹಾದಿಯಲ್ಲಿ ಹಿರಿಯ ವಿದ್ಯಾರ್ಥಿಯ ಮುಂದಾಳುತನದಲ್ಲಿ ಸಾಲಾಗಿ ನಡೆದುಹೋಗುವ ರೂಢಿ ಬಹುಕಡೆ ಇದೆ. ೧೯೯೦ರ ದಶಕದಿಂದ ಅಲ್ಲಿ ಹಾದಿಬದಿಯ ಮನೆಗಳೂ ಅಂಗಡಿಗಳೂ ಒಂದು ಗುರುತಿನ ಫಲಕವನ್ನು ತೂಗುಹಾಕಿಕೊಳ್ಳತೊಡಗಿದವು; ಅಂಜಿದ ಮಗು ಯಾವಾಗ ಬೇಕಾದರೂ ಆ ಬಾಗಿಲನ್ನು ತಟ್ಟಬಹುದು. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಹಿರಿಯ ಹುಡುಗರು ಕಿರಿಯರನ್ನು ನೋಡಿಕೊಳ್ಳುವ ಕ್ರಮವನ್ನು ಕ್ಯಾಂಬೆಲನು ಬಳ್ಳಾರಿಯ ಮಠಗಳ ಪಾಠದಲ್ಲಿಯೇ ಕಂಡಿದ್ದನು. ಅದನ್ನು ಪಾಠದಿಂದ ಹಾದಿಗೆ ವಿಸ್ತರಿಸಿದರೆ ಸಾಕು.

೮

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದಾಗಿದೆ. ಮೊದಲನೆಯದು: ಹಾದಿಯಲ್ಲಿ ಮಗುವಿನ ರಕ್ಷಣೆಯು ಯಾವ ಕಾಲದಲ್ಲಿಯೂ ಮನೆಯೊಂದರ ಹೊಣೆಯಾಗಿರಲಿಲ್ಲ, ಊರು ಮತ್ತು ರಾಜ್ಯ ಎರಡೂ ಅದರಲ್ಲಿ ಪಾಲುಗಾರರಾಗಿದ್ದವು. ಎರಡನೆಯದು: ಅಪಾಯ ಎಲ್ಲಿದೆಯೆಂಬ ತಿಳುವಳಿಕೆ ಕಾಲಕಾಲಕ್ಕೆ ತಿದ್ದುಪಡಿಯಾಗಿದೆ. ಭಯವು ಮಾತ್ರ ಹಳೆಯ ಗುರಿಯನ್ನೇ, ಎಂದರೆ ತಿರುಗಿ ಬದುಕುವ ಬಡವನನ್ನೇ, ಹಿಡಿದುಕೊಂಡಿದೆ. ಮೂರನೆಯದು: ಈ ಹಳೆಯ ಭಯಕ್ಕೆ ಎರಡು ಬಗೆಯ ಬಲಿಗಳು ಸಂದಿವೆ. ದಾರಿಹೋಕನು ಪ್ರಾಣವನ್ನು ಕಳೆದುಕೊಂಡಿದ್ದಾನೆ. ಹುಡುಗಿಯು ಓದನ್ನು ಕಳೆದುಕೊಂಡಿದ್ದಾಳೆ. ನಿಜವಾದ ಅಪರಾಧಿಯಾದರೋ ಅನೇಕ ವೇಳೆ ಇಬ್ಬರನ್ನೂ ನೋಡುತ್ತ ಜಗಲಿಯ ಮೇಲೆಯೇ ಕುಳಿತಿದ್ದಾನೆ.

ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬಹುದಾದ ಕೆಲಸವಿದೆ. ಬಳ್ಳಾರಿಯ ಕಾಲೇಜುಗಳಿಗೆ ರೂಪನಗುಡಿಯಂಥ ಊರುಗಳಿಂದ ಬರುವ ವಿದ್ಯಾರ್ಥಿಗಳು ತಾವು ಹಿಂದೆ ಶಾಲೆಗೆ ನಡೆದ ಹಾದಿಗಳ ನಕ್ಷೆಯನ್ನು ತಾವೇ ಬರೆಯಬಲ್ಲರು. ಎಲ್ಲಿ ಮನೆಗಳಿಲ್ಲ, ಎಲ್ಲಿ ಕಾಲುವೆಗೆ ಕಟ್ಟೆಯಿಲ್ಲ, ಎಲ್ಲಿ ಲಾರಿಗಳ ಹಾವಳಿ, ಎಷ್ಟು ಹೊತ್ತಿಗೆ ಬಸ್ಸು, ಯಾವ ಅಂಗಡಿಯ ಬಾಗಿಲನ್ನು ಮಗು ನಂಬಿ ತಟ್ಟಬಹುದು ಎಂಬ ವಿವರಗಳು ಅದರಲ್ಲಿರಲಿ. ಪ್ರತಿ ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆಯಾದ ೧೦೯೮ ಮಕ್ಕಳಿಗೆ ಕಾಣುವ ಎತ್ತರದಲ್ಲಿ ಬರೆದಿರಲಿ. ಹೊಸದಾಗಿ ಸೇರಿದ ಮಗುವಿನ ಮನೆಗೆ ಶಾಲೆಯವರು ಒಮ್ಮೆ ಹೋಗಿಬರುವ ಪದ್ಧತಿಯನ್ನು, ಅಕ್ಕಿಯ ಮೇಲೆ ಅಕ್ಷರ ಬರೆಯಿಸಿದ ಆ ಹಳೆಯ ದಿನದ ಲೌಕಿಕ ಅರ್ಥದಲ್ಲಿ, ಮತ್ತೆ ಆರಂಭಿಸಬಹುದು. ಇಂಥ ನಕ್ಷೆಗಳು ಹತ್ತಿಪ್ಪತ್ತು ಹಳ್ಳಿಗಳಿಂದ ಒಟ್ಟುಗೂಡಿದರೆ, ೧೮೨೩ರ ವರದಿಯು ಹೇಳದೆ ಬಿಟ್ಟ ಹಾದಿಯ ಅಧ್ಯಾಯವನ್ನು ನಮ್ಮ ಕಾಲದ ಮಟ್ಟಿಗಾದರೂ ಬರೆದಂತಾಗುತ್ತದೆ. ಮಕ್ಕಳಿಗಾಗಿ ಶಾಲೆಯನ್ನೋ ಬಸ್ಸನ್ನೋ ಕೇಳಲು ಸರಕಾರದ ಮುಂದೆ ಹೋಗುವವರಿಗೆ ಕೈಯಲ್ಲೊಂದು ಆಧಾರವೂ ದೊರೆಯುತ್ತದೆ.